ಮುಂಗಾಲು ಚಾಚಿದ ಬೈಕು

ಊರಿನಲ್ಲಿ ಬೈಕು ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ಒಂದಲ್ಲ ಒಂದು ದಿನ ಮೇಷ್ಟ್ರ ಬಾಯಲ್ಲಿ ಬೈಸಿಕೊಂಡವರೇ. ಅವರು ಪಾಠಶಾಲೆಯ ಮೇಷ್ಟ್ರಲ್ಲ, ಡ್ರೈವಿಂಗ್ ಶಾಲೆಯ ಮೇಷ್ಟ್ರು. "ನೆಲ ನೋಡಬೇಡ, ನೆಲ ನೋಡಿದ್ರೆ ನೆಲಕ್ಕೇ ಹೋಗ್ತೀಯ" ಎನ್ನುವುದು ಅವರ ಮೊದಲ ಪಾಠ. ಕೊನೆಯ ಪಾಠವೂ ಅದೇ. ನಿವೃತ್ತರಾದ ಮೇಲೂ ಬೆಳಿಗ್ಗೆ ಎದ್ದು, ಲೈಸೆನ್ಸ್ ಪರೀಕ್ಷೆ ನಡೆಯುವ ಮೈದಾನಕ್ಕೆ ಹೋಗಿ, ಕಲಿಯುವವರ ಪಕ್ಕದಲ್ಲಿ ನಿಂತು, ಯಾರೂ ಕೇಳದಿದ್ದರೂ ಬುದ್ಧಿ ಹೇಳಿ ಬಾರದಿದ್ದರೆ ಅವರಿಗೆ ತಿಂದದ್ದು ಕರಗುತ್ತಿರಲಿಲ್ಲ. "ಸಂಬಳ ನಿಂತ್ರೂ ಇವರ ಬಾಯಿ ನಿಲ್ಲಲಿಲ್ಲ" ಎಂದು ಅವರ ಹೆಂಡತಿ ನಗುತ್ತಿದ್ದರು.

ಅವರ ಮಗಳಿಗೆ ವೆಲ್ಡಿಂಗ್ ಅಂಗಡಿ. ಹುಟ್ಟಿದಾಗ ಇಟ್ಟ ಹೆಸರು ಏನೇ ಇರಲಿ, ದಿನವಿಡೀ ಕಿಡಿ ಹಾರಿಸುತ್ತ ಕೂತವಳನ್ನು ಬೀದಿಯವರು ಕಿಡಿ ಎಂದರು. ಬೀದಿಯವರು ಕರೆದು ಕರೆದು ಮನೆಯವರಿಗೂ ಅದೇ ರೂಢಿಯಾಯಿತು. ಗೇಟು, ಕಿಟಕಿಯ ಸರಳು, ಮುರಿದ ಕುರ್ಚಿ ಇವು ಅವಳ ಹೊಟ್ಟೆಪಾಡು. ಅವಳ ಜೀವ ಇದ್ದದ್ದು ಮಾತ್ರ ಬೈಕಿನ ಫ್ರೇಮುಗಳಲ್ಲಿ. ಹಳೆಯ ಗಾಡಿಯನ್ನು ಕತ್ತರಿಸಿ, ತಗ್ಗಿಸಿ, ಉದ್ದ ಮಾಡಿ, ರಸ್ತೆಯಲ್ಲಿ ಹೋಗುವವರು ಕತ್ತು ತಿರುಗಿಸಿ ನೋಡುವಂತೆ ಮಾಡಬೇಕು, ಅದರ ಕೆಳಗೆ ತನ್ನ ಅಂಗಡಿಯ ಹೆಸರು ಇರಬೇಕು ಎನ್ನುವುದು ಅವಳ ಬಹಳ ದಿನದ ಆಸೆ.

ಅಪ್ಪ ಕೇಳಿದ್ದು ಚಿಕ್ಕ ಕೆಲಸ. ಸೊಂಟದ ನೋವಿನಿಂದ ಅವರಿಗೆ ಕಾಲೆತ್ತಿ ಸೀಟಿನ ಆಚೆ ಹಾಕುವುದು ಕಷ್ಟವಾಗಿತ್ತು.

"ಸೀಟು ಒಂಚೂರು ತಗ್ಗಿಸಿ ಕೊಡಮ್ಮ. ಅಷ್ಟು ಸಾಕು ನಂಗೆ" ಎಂದಿದ್ದರು.

ಅಷ್ಟನ್ನೇ ಮಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕಿಡಿ ಸೀಟು ತಗ್ಗಿಸಿದಳು. ತಗ್ಗಿಸಿ ದೂರ ನಿಂತು ನೋಡಿದಾಗ, ಹಿಂಭಾಗ ಇಳಿದ ಗಾಡಿಗೆ ಮುಂಭಾಗವೂ ಒಂದಿಷ್ಟು ಚಾಚಿಕೊಂಡಿದ್ದರೆ ಎಷ್ಟು ಚೆಂದ ಎನಿಸಿತು. ಎನಿಸಿದ್ದೇ ತಡ, ಗ್ರೈಂಡರ್ ಕೈಗೆ ಬಂತು. ಹ್ಯಾಂಡಲ್ ತಿರುಗುವ ಕೊಳವೆ ಫ್ರೇಮಿಗೆ ಸೇರುವ ಜಾಗಕ್ಕೆ ಕೆಲಸದವರು ಕತ್ತು ಎನ್ನುತ್ತಾರೆ. ಆ ಕತ್ತನ್ನು ಸೀಳಿ, ಮುಂದಕ್ಕೆ ಒರಗಿಸಿ, ನಡುವೆ ತಗಡು ತುಂಬಿ ಬೆಸೆದಳು. ಮುಂಚಕ್ರವನ್ನು ಹಿಡಿದಿರುವ ಫೋರ್ಕಿನ ಕೊಳವೆಗಳನ್ನು ಲೇತ್ ಅಂಗಡಿಯಲ್ಲಿ ಉದ್ದದವು ಮಾಡಿಸಿ ಹಾಕಿದಳು. ಮುಂಚಕ್ರ ಗಾಡಿಯಿಂದ ಬಹುದೂರ ಮುಂದೆ ಹೋಗಿ ಕೂತಿತು. ಬಿಸಿಲಿನಲ್ಲಿ ಮುಂಗಾಲು ಚಾಚಿ ಮಲಗಿದ ನಾಯಿಯ ಹಾಗೆ ಕಾಣುತ್ತಿತ್ತು ಗಾಡಿ.

ಕತ್ತು ಒರಗಿಸುವುದರಲ್ಲಿ ಒಂದು ಲೆಕ್ಕ ಇದೆ. ಹ್ಯಾಂಡಲ್ ಕೊಳವೆಯ ನೇರಕ್ಕೆ ಒಂದು ಗೆರೆ ಎಳೆದುಕೊಂಡು ಹೋದರೆ ಅದು ನೆಲ ಮುಟ್ಟುವ ಜಾಗ ಮುಂದಿರುತ್ತದೆ, ಟೈರು ನೆಲ ಮುಟ್ಟುವ ಜಾಗ ಅದಕ್ಕಿಂತ ಸ್ವಲ್ಪ ಹಿಂದಿರುತ್ತದೆ. ಆ ಅಂತರ ಇರುವುದರಿಂದಲೇ ಚಕ್ರ, ತಾಯಿಯ ಹಿಂದೆ ಮಗು ಹೋದಂತೆ, ತಾನಾಗಿ ನೇರಕ್ಕೆ ಬರುತ್ತದೆ. ಕತ್ತನ್ನು ಹೆಚ್ಚು ಒರಗಿಸಿದಷ್ಟೂ ಅಂತರ ಹೆಚ್ಚುತ್ತದೆ. ಆಗ ನೇರ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಗಾಡಿ ರೈಲಿನಂತೆ ಅಲುಗದೆ ಓಡುತ್ತದೆ. ಆದರೆ ನಿಧಾನವಾಗಿ ತಿರುಗಿಸಲು ಹೋದರೆ ಹ್ಯಾಂಡಲ್ ಭಾರವಾಗಿ, ಒಂದು ಮಿತಿ ದಾಟಿದ ಕೂಡಲೇ ಮುಂಭಾಗವೇ ಕುಸಿದು, ಪಕ್ಕಕ್ಕೆ ದೊಪ್ಪನೆ ಬಿದ್ದುಬಿಡುತ್ತದೆ. ಫೋರ್ಕನ್ನು ಹಿಡಿದಿಡುವ ಹಿಡಿಗಳನ್ನು ಬೇರೆ ಕೋನದಲ್ಲಿ ಮಾಡಿಸಿದರೆ ಈ ದೋಷವನ್ನು ಬಹುಮಟ್ಟಿಗೆ ತಗ್ಗಿಸಬಹುದು. ಇದು ಕಿಡಿಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಅವಳು ಗಾಡಿಯನ್ನು ದೊಡ್ಡ ರಸ್ತೆಗೆ ಒಯ್ದು ಓಡಿಸಿದಳು. ಹಾಲು ಕುಡಿದಷ್ಟು ಸಂತೋಷವಾಯಿತು. ಮರಳಿ ಬಂದು ಅಂಗಡಿಯ ಅಂಗಳದಲ್ಲಿ ತಿರುಗಿಸುವಾಗ ಹ್ಯಾಂಡಲ್ ಒಮ್ಮೆಲೇ ಎಡಕ್ಕೆ ಜಗ್ಗಿತು. ಕಾಲೂರಿ, ಹಲ್ಲು ಕಚ್ಚಿ ಹಿಡಿದು ನಿಲ್ಲಿಸಿದಳು. ಭುಜ ಚುರ್ ಎಂದಿತು. ಇಡೀ ದಿನ ಕಬ್ಬಿಣ ಎತ್ತುವ ತೋಳು ಅವಳದು; ಆ ತೋಳಿಗೇ ಭಾರವಾಗಿತ್ತು. ಫೋರ್ಕಿನ ಹಿಡಿಗಳನ್ನು ಹೊಸದಾಗಿ ಮಾಡಿಸಬೇಕು ಎಂದು ಅವಳಿಗೆ ಆಗಲೇ ಗೊತ್ತಾಯಿತು. ಆದರೆ ಲೇತ್ ಅಂಗಡಿಯವನ ಬಳಿ ಕೆಲಸ ರಾಶಿ ಬಿದ್ದಿತ್ತು, ಅಪ್ಪ ದಿನಾ ಬಂದು "ಆಯ್ತಾ?" ಎಂದು ಕೇಳುತ್ತಿದ್ದರು, ಆಗಲೇ ಇಬ್ಬರು ಗಿರಾಕಿಗಳು ಗಾಡಿಯ ಸುತ್ತ ತಿರುಗಿ ಫೋಟೋ ತೆಗೆದುಕೊಂಡು ಹೋಗಿದ್ದರು. "ಊರಿಗೆಲ್ಲ ಗಾಡಿ ಕಲಿಸಿದ ಅಪ್ಪನಿಗೆ ಇದು ಯಾವ ಲೆಕ್ಕ? ಎರಡು ದಿನದಲ್ಲಿ ಕೈಗೆ ಹತ್ತುತ್ತೆ" ಎಂದುಕೊಂಡಳು. ಮನಸ್ಸಿಗೆ ಒಂದು ಕೆಲಸ ಬೇಡವಾದಾಗ ಬುದ್ಧಿ ಹತ್ತು ಕಾರಣ ಹುಡುಕಿ ಕೊಡುತ್ತದೆ.

ಅಪ್ಪ ಬಂದು ಗಾಡಿಯನ್ನು ನೋಡಿ ಬೆರಗಾದರು.

"ಇದೇನೇ ಇದು? ಕುದುರೆ ಕೇಳಿದ್ರೆ ಜಿರಾಫೆ ಕೊಟ್ಟಿದ್ದೀಯಲ್ಲ!"

"ಚೆನ್ನಾಗಿಲ್ವಾ ಅಪ್ಪ?"

"ಚೆನ್ನಾಗಿಲ್ಲ ಅಂದವರ ಕಣ್ಣು ಪರೀಕ್ಷೆ ಮಾಡಿಸ್ಬೇಕು." ಅವರು ಸೀಟಿನ ಮೇಲೆ ಸಲೀಸಾಗಿ ಕಾಲು ಹಾಕಿ ಕೂತು, ಮಗುವಿನಂತೆ ನಕ್ಕರು. "ಏನಾದ್ರೂ ನೋಡ್ಕೋಬೇಕಾ?"

ಹೇಳಲು ಅದೇ ಸಮಯ. ಕಿಡಿ ಬಾಯಿ ತೆರೆದಳು. "ಪೆಟ್ರೋಲ್ ಹಾಕಿಸ್ಕೊಳ್ಳಿ" ಎಂದಳು.

ಮಾರನೆಯ ದಿನ ಅಪ್ಪ ಮೈದಾನಕ್ಕೆ ಹೋದರು. ದಾರಿಯುದ್ದಕ್ಕೂ ರಸ್ತೆ ನೇರ, ಗಾಡಿ ತೇಲಿಕೊಂಡು ಹೋಗಿತ್ತು. ಮೈದಾನದಲ್ಲಿ ಕಲಿಯುವವರು ಸುತ್ತ ಸೇರಿ, "ಮೇಷ್ಟ್ರೇ, ಇದ್ರಲ್ಲಿ ಎಂಟು ಹಾಕಿ ತೋರಿಸಿ" ಎಂದರು. ನೆಲದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಎಂಟರ ಆಕಾರ ಅದು. ಅದರ ಮೇಲೆ ಕಾಲೂರದೆ ಗಾಡಿ ತಿರುಗಿಸಿದರೆ ಪರೀಕ್ಷೆ ಪಾಸು. ಅಪ್ಪನಿಗೆ ಅದು ನೀರು ಕುಡಿದಷ್ಟು ಸುಲಭ. ಮೊದಲ ತಿರುವಿನಲ್ಲೇ ಹ್ಯಾಂಡಲ್ ಒಳಕ್ಕೆ ಮಡಚಿ ಬಿತ್ತು. ಗಾಡಿ ಅವರ ಮೇಲೆ ಬಿತ್ತು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು.

ಕಿಡಿ ಆಸ್ಪತ್ರೆಗೆ ಓಡಿದಾಗ ಅಣ್ಣ ಆಗಲೇ ಬಂದಿದ್ದ. ಔಷಧಿ ಅಂಗಡಿ ಇಟ್ಟವನು. ಹೆಂಡತಿ ಬಸುರಿ. ಚಿಂತೆ ಹೆಚ್ಚಾದಾಗ ಅವನ ದನಿ ಗದರುವಂತೆ ಬರುತ್ತಿತ್ತು.

"ಇನ್ನು ಸಾಕಪ್ಪ. ವಯಸ್ಸಾಯ್ತು ಅಂತ ಒಪ್ಪಿಕೊಳ್ಳಿ. ಪರೀಕ್ಷೆ ಮಾಡೋ ಸಾಹೇಬರೂ ಅದನ್ನೇ ಹೇಳಿದ್ರು, ಮೇಷ್ಟ್ರಿಗೆ ಕೈ ನಿಲ್ತಾ ಇಲ್ಲ ಅಂತ."

ಅಪ್ಪ ಹಾಸಿಗೆಯಲ್ಲಿ ಕಣ್ಣು ಮುಚ್ಚಿದ್ದರು. "ಹ್ಯಾಂಡಲ್ ಎಳೀತು. ಹಿಡಿಯೋಕೆ ಹೋದೆ, ಕೈ ಬರಲಿಲ್ಲ" ಎಂದರು. ಕಣ್ಣು ತೆರೆದು ಮಗಳನ್ನು ಕಂಡವರೇ, "ಗಾಡಿಗೆ ಪೆಟ್ಟಾಯ್ತೇನಮ್ಮ? ಅಷ್ಟು ಚೆಂದ ಮಾಡಿಕೊಟ್ಟಿದ್ದೆ" ಎಂದರು.

ಕಿಡಿಯ ಕೈಯಲ್ಲಿ ನೀರಿನ ಬಾಟಲಿ ಇತ್ತು. ಅದರ ಮುಚ್ಚಳವನ್ನು ತೆಗೆದಳು, ಹಾಕಿದಳು, ಮತ್ತೆ ತೆಗೆದಳು. "ಗಾಡಿಗೇನೂ ಆಗಿಲ್ಲ" ಎಂದಳು. ಈಗ ಹೇಳಿದರೆ ಅಣ್ಣ ಆಸ್ಪತ್ರೆಯಲ್ಲೇ ಕೂಗಾಡುತ್ತಾನೆ, ಅಪ್ಪ ಚೇತರಿಸಿಕೊಳ್ಳಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಆ ಆಮೇಲೆ ಎನ್ನುವುದು ಬರಲೇ ಇಲ್ಲ.

ಮೂಳೆ ಕೂಡಿತು. ಅಪ್ಪ ಕೂಡಲಿಲ್ಲ. ಪಟ್ಟಿ ಬಿಚ್ಚಿದ ಮೇಲೆ ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ತಮ್ಮ ಬಲಗೈಯನ್ನು ಯಾರದೋ ಕೈಯಂತೆ ನೋಡತೊಡಗಿದರು. ಚಹಾದ ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಿದ್ದರು. ಗಡ್ಡ ತಾವೇ ಬೋಳಿಸಿಕೊಳ್ಳಲು ಒಪ್ಪದೆ ಕ್ಷೌರಿಕನನ್ನು ಮನೆಗೆ ಕರೆಸಿದರು. ಮೆಟ್ಟಿಲ ಬಳಿ ನಿಂತು, "ಬರ್ತೀಯಾ ಸ್ವಲ್ಪ?" ಎಂದು ಅಮ್ಮನನ್ನು ಕರೆಯುತ್ತಿದ್ದರು. ಊರಿಗೆಲ್ಲ ಗದರಿದ ಬಾಯಿ ಈಗ ಪ್ರತಿಯೊಂದಕ್ಕೂ ಅನುಮತಿ ಕೇಳುತ್ತಿತ್ತು. "ಮುಂಚೆ ಇವರ ಬಾಯಿ ಯಾವಾಗ ನಿಲ್ಲುತ್ತೋ ಅಂತಿದ್ದೆ. ನನ್ನ ಬಾಯಿಗೆ ಬೆಂಕಿ ಹಾಕ" ಎಂದು ಅಮ್ಮ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡರು.

ಕಿಡಿ ಕಂಡುಕೊಂಡ ಮೊದಲ ದಾರಿ ಕಳ್ಳದಾರಿ. ಗಾಡಿಯನ್ನು ಅಂಗಡಿಯ ಹಿಂದೆ ತಾಡಪಾಲು ಮುಚ್ಚಿ ಇಟ್ಟಿದ್ದಳು. ಒಂದು ವಾರ ಬೇರೆ ಕೆಲಸವನ್ನೆಲ್ಲ ತಳ್ಳಿ, ಕತ್ತನ್ನು ಮತ್ತೆ ಕತ್ತರಿಸಿ, ಮೊದಲಿನ ಕೋನಕ್ಕೇ ತಂದು ಬೆಸೆದಳು. ಹಳೆಯ ಫೋರ್ಕನ್ನೇ ಹಾಕಿದಳು. ಅಪ್ಪ ಒಮ್ಮೆ ಈ ಗಾಡಿಯನ್ನು ತಿರುಗಿಸಿ ನೋಡಿದರೆ ಸಾಕು, ಧೈರ್ಯ ಮರಳುತ್ತದೆ, ಯಾರಿಗೂ ಏನೂ ಹೇಳಬೇಕಾಗಿಲ್ಲ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ.

ಗಾಡಿಯನ್ನು ಮನೆಯ ಮುಂದೆ ತಂದು ನಿಲ್ಲಿಸಿದಳು. "ಅಪ್ಪ, ಮೊದಲಿನ ಹಾಗೇ ಮಾಡಿದ್ದೀನಿ. ಬೀದಿ ತುದಿವರೆಗೆ ಹೋಗಿ ಬನ್ನಿ."

ಅವರು ಕಿಟಕಿಯಿಂದಲೇ ನೋಡಿದರು. "ಪಾಪ, ಚೆನ್ನಾಗಿದ್ದದ್ದನ್ನ ಯಾಕೆ ಕೆಡಿಸಿದೆ? ಗಾಡಿದೇನಿತ್ತು ತಪ್ಪು?" ಎಂದು ಪರದೆ ಎಳೆದರು.

ಗಾಡಿ ಮನೆಯ ಮುಂದೆಯೇ ನಿಂತಿತು. ಅಣ್ಣ ಅದನ್ನೇರಿ ತನ್ನ ಔಷಧಿ ಅಂಗಡಿಗೆ ಹೋಗಿಬರತೊಡಗಿದ.

ಅಪ್ಪನಿಗೆ ಒಳಗೊಳಗೇ ಒಂದು ಭಯ ಬೆಳೆದಿತ್ತು. ಕೈ ಹಾಗೆ ಏಕಾಏಕಿ ಸೋಲಬೇಕಾದರೆ ತಲೆಯಲ್ಲೇ ಏನೋ ಆಗಿರಬೇಕು ಎಂದು. ಅಣ್ಣನಿಗೂ ಹಾಗೇ ಅನಿಸಿತು. ನರದ ಡಾಕ್ಟರರ ಬಳಿ ಹೋದರು, ತಲೆಯ ಸ್ಕ್ಯಾನ್ ಬರೆದುಕೊಟ್ಟರು. ಅಂದು ಅಪ್ಪನ ಜೊತೆಗೆ ಹೋದವಳು ಕಿಡಿ. ನೀಲಿ ಅಂಗಿ ತೊಟ್ಟು, ಉಂಗುರ, ಗಡಿಯಾರ, ಕನ್ನಡಕ ಎಲ್ಲವನ್ನೂ ಮಗಳ ಬೊಗಸೆಗೆ ಹಾಕಿ, "ಏನೇ ಬಂದ್ರೂ ನಿಮ್ಮಮ್ಮಂಗೆ ಮೊದಲು ಹೇಳ್ಬೇಡ" ಎಂದು ಅಪ್ಪ ಒಳಗೆ ಹೋದರು. ಬಾಗಿಲ ಆಚೆ ಯಂತ್ರ ಗಡಗಡ ಸದ್ದು ಮಾಡಿತು. ತನ್ನ ಬೆಸುಗೆಯ ದೋಷವನ್ನು ಅಪ್ಪನ ತಲೆಯೊಳಗೆ ಹುಡುಕುತ್ತಿದ್ದಾರಲ್ಲ ಎನಿಸಿತು ಕಿಡಿಗೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನಷ್ಟಕ್ಕೆ, "ಯಾರು ಮಾಡಿದ ತಪ್ಪಿಗೆ ಯಾರಿಗೆ ಶಿಕ್ಷೆಯೋ" ಎಂದು ನಿಟ್ಟುಸಿರು ಬಿಟ್ಟಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕಿಡಿ ಬೆಚ್ಚಿ ಎದ್ದು ಹೋಗಿ ಗೋಡೆಗೆ ಒರಗಿ ನಿಂತಳು.

ಸ್ಕ್ಯಾನಿನಲ್ಲಿ ಏನೂ ಸಿಗಲಿಲ್ಲ. "ಸಿಗದಷ್ಟು ಒಳಗಿದೆ ಅಂತಾಯ್ತು" ಎಂದರು ಅಪ್ಪ.

ಅಂದೇ ಊಟಕ್ಕೆ ಕೂತಾಗ ಅವಳು ಹೇಳಿದಳು. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಉಸಿರು ತೆಗೆದುಕೊಂಡು, "ಅಪ್ಪ, ನಿಮಗೇನೂ ಆಗಿಲ್ಲ. ಬಿದ್ದದ್ದು ನಿಮ್ಮ ಕೈಯಿಂದ ಅಲ್ಲ. ನಾನು ಕತ್ತು ಜಾಸ್ತಿ ಒರಗಿಸಿದ್ದೆ. ಅಂಥ ಗಾಡಿ ನಿಧಾನಕ್ಕೆ ತಿರುಗಿಸಿದ್ರೆ ಬಿದ್ದೇ ಬೀಳುತ್ತೆ. ತಪ್ಪು ನನ್ನ ಕೆಲಸದ್ದು" ಎಂದಳು.

ಎಲ್ಲರೂ ಅವಳನ್ನು ನೋಡಿದರು. ಅವಳು ಕಾಯುತ್ತಿದ್ದ ಸಿಡಿಲು ಬೀಳಲಿಲ್ಲ. ಅಣ್ಣ ಅವಳ ಕಡೆ ಕರುಣೆಯಿಂದ ನೋಡಿದ.

"ಕಿಡಿ, ನಿನ್ನ ಮನಸ್ಸು ದೊಡ್ಡದು. ಆದ್ರೆ ಸುಳ್ಳು ಹೇಳೋಕೆ ನಿಂಗೆ ಬರಲ್ಲ. ದಿನಾ ಅದೇ ಗಾಡಿ ಓಡಿಸ್ತಾ ಇದ್ದೀನಿ ನಾನು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತಿರುಗುತ್ತೆ."

"ಅದು ಈಗ ಅಣ್ಣ! ನಾನು ಸರಿ ಮಾಡಿದ ಮೇಲೆ."

"ಮುಂಚಕ್ರ ಹಿಂದೆ ಬಂದಿದೆ, ಅಷ್ಟೇ ತಾನೇ? ಆಯ್ತು ಬಿಡು. ಊಟ ಮಾಡು."

ಅಪ್ಪ ನಗುತ್ತ ಎಡಗೈಯಿಂದ ಅವಳ ತಲೆ ಸವರಿದರು. "ಅಪ್ಪನ ಮಾನ ಉಳಿಸೋಕೆ ನಿನ್ನ ಕೆಲಸಕ್ಕೇ ಮಸಿ ಬಳ್ಕೋತೀಯಾ? ಬೇಡಮ್ಮ. ಕುಣಿಯೋಕೆ ಬಾರದವನು ನೆಲ ಡೊಂಕು ಅಂದನಂತೆ. ಆ ಮಾತು ಎಷ್ಟು ಜನಕ್ಕೆ ಹೇಳಿದ್ದೀನಿ ನಾನು. ಈಗ ನನ್ನ ಬಾಯಲ್ಲಿ ಅದನ್ನ ಹೇಳಿಸ್ಬೇಡ."

ಕಿಡಿ ಎದ್ದು ಹೋಗಿ ನಲ್ಲಿ ಬಿಟ್ಟು ಅದರ ಕೆಳಗೆ ಕೈ ಹಿಡಿದು ನಿಂತಳು. ದೋಷವನ್ನು ತಿದ್ದಿ ತಾನೇ ಸಾಕ್ಷಿಯನ್ನು ಅಳಿಸಿದ್ದಳು. ಇನ್ನೊಂದು ವಿಷಯವೂ ಇತ್ತು. ತಪ್ಪು ಕೆಲಸದ್ದು ಎಂದಿದ್ದಳೇ ಹೊರತು, ಕೊಡುವ ಮೊದಲೇ ನನಗೆ ಗೊತ್ತಿತ್ತು ಎಂದಿರಲಿಲ್ಲ. ಅರ್ಧ ನಿಜಕ್ಕೆ ಅರ್ಧ ಬಲ. ಆದರೂ ಕೆಲವು ದಿನ ಅವಳಿಗೆ ಹಗುರವೆನಿಸಿತು. ಹೇಳುವುದು ಹೇಳಿಯಾಗಿದೆ, ನಂಬದಿದ್ದರೆ ನಾನೇನು ಮಾಡಲಿ ಎಂದು ತನಗೆ ತಾನೇ ವಕೀಲಿ ಮಾಡಿಕೊಂಡಳು.

ಆ ವಕೀಲಿ ಅತ್ತಿಗೆ ಹೆತ್ತು ಮನೆಗೆ ಬರುವವರೆಗೆ ನಡೆಯಿತು. ಹೆಣ್ಣುಮಗು. ಮೂಗು ಥೇಟು ಅಜ್ಜನದೇ ಎಂದು ಅಮ್ಮ ಹಿಗ್ಗಿ ಹೀರೆಕಾಯಿಯಾಗಿದ್ದರು. ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ಹೋಗಿ ಅಪ್ಪನ ಮುಂದೆ ಹಿಡಿದರು.

"ತಗೊಳ್ಳಿ, ಮೊಮ್ಮಗಳು."

ಅಪ್ಪನ ತೋಳುಗಳು ಮುಂದೆ ಬಂದವು. ಬಂದು, ನಡುವೆ ನಿಂತು, ಹಿಂದಕ್ಕೆ ಹೋದವು. ಎರಡೂ ಕೈಗಳನ್ನು ಅವರು ಬೆನ್ನ ಹಿಂದೆ ಕಟ್ಟಿಕೊಂಡರು.

"ಬೇಡ."

"ಕೂತ್ಕೊಂಡೇ ಎತ್ಕೊಳ್ರೀ, ತೊಡೆ ಮೇಲೆ ಇಡ್ತೀನಿ."

"ಬೇಡ ಅಂದ್ನಲ್ಲ! ಕೈ ಕೊಟ್ಬಿಟ್ರೆ?" ಎಂದು ಕೂಗಿದರು ಅಪ್ಪ. ಮಗು ಬೆಚ್ಚಿ ಅಳತೊಡಗಿತು. ಅವರು ಎದ್ದು ಗೋಡೆ ಹಿಡಿದುಕೊಂಡು ಕೋಣೆಗೆ ಹೋದರು.

ಬಾಗಿಲ ಬಳಿ ಬುಟ್ಟಿ ಹಿಡಿದು ನಿಂತಿದ್ದ ಕಿಡಿ ಬುಟ್ಟಿಯನ್ನು ಅಲ್ಲೇ ಇಟ್ಟು, ಗಾಡಿಯ ಕೀಲಿ ತೆಗೆದುಕೊಂಡು ಹೊರಬಿದ್ದಳು.

ಸರಿ ಮಾಡಿದ್ದನ್ನು ಕೆಡಿಸಲು ಕೂತಳು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬೆಸುಗೆ ಬಿದ್ದರೆ ಕಬ್ಬಿಣಕ್ಕೆ ಕಸುವು ಇರುವುದಿಲ್ಲ. ಈ ಫ್ರೇಮು ಇನ್ನು ರಸ್ತೆಗೆ ಇಳಿಯುವಂತಿಲ್ಲ ಎಂದು ಗೊತ್ತಿದ್ದೇ ಕತ್ತರಿಸಿದಳು. ಮೂಲೆಯಲ್ಲಿ ಬಿದ್ದಿದ್ದ ಉದ್ದ ಫೋರ್ಕನ್ನು ಎತ್ತಿ ತಂದಳು. ಮೊದಲು ಎಷ್ಟು ಒರಗಿಸಿದ್ದಳೋ ಅಷ್ಟೇ ಒರಗಿಸಿದಳು. ಮೊದಲ ಸಲ ಇದೇ ಕೆಲಸವನ್ನು ಹಾಡು ಗುನುಗುತ್ತ ಮಾಡಿದ್ದಳು. ಈಗ ಕಪ್ಪು ಗಾಜಿನ ಹಿಂದೆ ಕಣ್ಣು ತುಂಬಿ ಬೆಸುಗೆಯ ಗೆರೆಯೇ ಕಾಣುತ್ತಿರಲಿಲ್ಲ.

ರಜೆಯ ದಿನ ಬೆಳಿಗ್ಗೆ ಅಪ್ಪನನ್ನೂ ಅಣ್ಣನನ್ನೂ ಅಂಗಡಿಗೆ ಕರೆತಂದಳು. ಅಪ್ಪ ಬರಲು ಒಪ್ಪಿರಲಿಲ್ಲ. "ಇದೊಂದು ಸಲ ಬನ್ನಿ, ಆಮೇಲೆ ಜೀವಮಾನದಲ್ಲಿ ಏನೂ ಕೇಳಲ್ಲ" ಎಂದು ಕಾಲು ಹಿಡಿದಷ್ಟು ಬೇಡಿಕೊಂಡ ಮೇಲೆ ಬಂದಿದ್ದರು. ಅಂಗಳದಲ್ಲಿ ಅಪ್ಪನಿಗೊಂದು ಕುರ್ಚಿ ಹಾಕಿ, ಖಾಲಿ ಪೀಪಾಯಿ ಎರಡನ್ನು ಒಂದಿಷ್ಟು ದೂರದಲ್ಲಿ ಇಟ್ಟಿದ್ದಳು.

"ಅಣ್ಣ, ನಡೆಯೋ ವೇಗದಲ್ಲಿ ಇವುಗಳ ಸುತ್ತ ಎಂಟು ಹಾಕು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ."

ಅಣ್ಣ ಮುಖ ಸಿಂಡರಿಸಿ ಹತ್ತಿದ. ನೇರಕ್ಕೆ ಹೋಗುವಾಗ ಏನೂ ಆಗಲಿಲ್ಲ. ಮೊದಲ ಪೀಪಾಯಿ ಹತ್ತಿರ ಹ್ಯಾಂಡಲ್ ತಿರುಗಿಸಿದ್ದೇ ಮುಂಭಾಗ ಒಮ್ಮೆಲೇ ಕುಸಿಯಿತು. "ನೋಟ ದೂರ ಇಡೋ! ಕ್ಲಚ್ಚು, ಕ್ಲಚ್ಚು!" ಎಂದು ಅಪ್ಪ ಕುರ್ಚಿಯಿಂದಲೇ ಗದರಿದರು. ಅಷ್ಟರಲ್ಲಿ ಗಾಡಿ ಪೀಪಾಯಿಗೆ ಢಣ್ ಎಂದು ಬಡಿದು, ಅಣ್ಣ ಕುಂಟುತ್ತ ಪಕ್ಕಕ್ಕೆ ನೆಗೆದಿದ್ದ.

"ಇನ್ನೊಂದ್ಸಲ" ಎಂದರು ಅಪ್ಪ.

ಇನ್ನೊಂದು ಸಲವೂ ಅದೇ ಆಯಿತು. ಈ ಬಾರಿ ಅಪ್ಪ ಗದರಲಿಲ್ಲ. ಅವರ ಕಣ್ಣು ಅಣ್ಣನ ಕೈಯ ಮೇಲಿರಲಿಲ್ಲ, ಮುಂಚಕ್ರದ ಮೇಲಿತ್ತು. ಮೆಲ್ಲನೆ ಎದ್ದು ಬಂದರು. ಗಾಡಿಯನ್ನು ನೇರ ನಿಲ್ಲಿಸುವಂತೆ ಮಗನಿಗೆ ಹೇಳಿ, ಹ್ಯಾಂಡಲನ್ನು ಎರಡು ಬೆರಳಲ್ಲಿ ಹಿಡಿದು ಸ್ವಲ್ಪವೇ ಓರೆ ಮಾಡಿ ಬಿಟ್ಟರು. ಅದು ದೊಪ್ಪನೆ ಪೂರ್ತಿ ಪಕ್ಕಕ್ಕೆ ಬಿತ್ತು. ನೇರ ಮಾಡಿ ಇನ್ನೊಂದು ಬದಿಗೆ ಬಿಟ್ಟರು. ಆ ಬದಿಗೂ ಬಿತ್ತು. ಬಹಳ ಹೊತ್ತು ಅದನ್ನೇ ಮಾಡಿದರು.

"ಅವತ್ತೂ ಹೀಗೇ ಇತ್ತಾ?"

"ಹೀಗೇ ಇತ್ತು ಅಪ್ಪ."

"ನೆಲವೇ ಡೊಂಕಿತ್ತು ಹಾಗಾದ್ರೆ" ಎಂದರು ತಮ್ಮಷ್ಟಕ್ಕೆ. ಆಮೇಲೆ ಮಗಳ ಕಡೆ ತಿರುಗಿದರು. "ನಿಂಗೆ ಯಾವಾಗ ಗೊತ್ತಾಯ್ತು?"

ಗೊತ್ತಿರಲಿಲ್ಲ ಎಂದರೆ ಈಗಲೂ ನಡೆಯುತ್ತಿತ್ತು. ನೀವು ಬಿದ್ದ ಮೇಲೆ ಗೊತ್ತಾಯಿತು ಎಂದರೂ ನಡೆಯುತ್ತಿತ್ತು.

"ಕೊಡೋ ಮುಂಚೇನೇ. ಈ ಅಂಗಳದಲ್ಲೇ ತಿರುಗಿಸಿ ನೋಡಿದ್ದೆ. ನನ್ನ ಭುಜಕ್ಕೇ ನೋವಾಗಿತ್ತು. ನಿಮಗೆ ಅಭ್ಯಾಸ ಆಗುತ್ತೆ ಅಂದ್ಕೊಂಡೆ. ಎಲ್ಲರೂ ನೋಡ್ಲಿ ಅಂತ ಆತುರ ಇತ್ತು ನಂಗೆ. ನೀವು ಕೇಳಿದ್ದು ಸೀಟು ಮಾತ್ರ."

"ಆಸ್ಪತ್ರೇಲೂ ಗೊತ್ತಿತ್ತು?"

"ಗೊತ್ತಿತ್ತು."

"ಸ್ಕ್ಯಾನಿಗೆ ಮಲಗಿಸಿದಾಗ್ಲೂ?"

ಕಿಡಿ ಹೌದೆಂದು ತಲೆಯಾಡಿಸಿದಳು. ಅಣ್ಣ ಏನೋ ಹೇಳಲು ಹೊರಟ. ಅಪ್ಪ ಕೈಯೆತ್ತಿ ತಡೆದರು. ಎತ್ತಿದ ಕೈ ಬಲಗೈ. ಅದನ್ನೊಮ್ಮೆ ನೋಡಿಕೊಂಡರು. ಬೆರಳು ಮಡಚಿದರು, ಬಿಚ್ಚಿದರು. ಮಗಳು ಹಿಡಿಯಲು ಚಾಚಿದ ತೋಳನ್ನು ಮುಟ್ಟದೆ, ಯಾರ ಆಸರೆಯೂ ಇಲ್ಲದೆ ಗೇಟು ದಾಟಿ ನಡೆದು ಹೋದರು.

ಮಧ್ಯಾಹ್ನ ಅಣ್ಣ ಫೋನ್ ಮಾಡಿದ. ಅವನ ದನಿಯಲ್ಲಿ ಸಿಟ್ಟೂ ಇತ್ತು, ನಗುವೂ ಇತ್ತು. "ಬಂದವರೇ ತೊಟ್ಟಿಲಿಂದ ಮಗುನ ಎತ್ಕೊಂಡಿದ್ದಾರೆ. ಕೆಳಗೆ ಇಡಿ ಅಂದ್ರೆ ಇಡ್ತಾ ಇಲ್ಲ. ಹಾಲು ಕುಡಿಸೋಕೂ ಕೊಡ್ತಾ ಇಲ್ಲ" ಎಂದ. ಕಿಡಿ ಫೋನ್ ಇಟ್ಟು, ಪೀಪಾಯಿ ಪಕ್ಕ ನೆಲದ ಮೇಲೆ ಕೂತು ಅತ್ತಳು. ಅಳು ನಿಂತ ಮೇಲೂ ಎದೆ ಹಗುರಾಗಲಿಲ್ಲ. ಒಂದು ಮಾತು ಆಡಿದ್ದರೆ ಅಂದೇ ಮುಗಿಯುತ್ತಿದ್ದ ಸಂಗತಿ ಅದು.

ಅಪ್ಪ ಅವಳ ಜೊತೆ ಮಾತು ಬಿಟ್ಟರು. ಅವಳು ಮನೆಗೆ ಹೋದರೆ ಅಮ್ಮನ ಮೂಲಕ ಮಾತು. "ನಿನ್ನ ಮಗಳಿಗೆ ಹೇಳು, ಉಪ್ಪು ಈ ಕಡೆ ಕೊಡಲಿ."

"ನನ್ನ ಮಗಳಂತೆ! ನಾನೊಬ್ಬಳೇ ಹೆತ್ತೆನಾ?" ಎಂದು ಅಮ್ಮ ಉಪ್ಪಿನ ಡಬ್ಬಿಯನ್ನು ಇಬ್ಬರ ನಡುವೆ ಕುಕ್ಕಿದರು. ಅಪ್ಪ ನಗಲಿಲ್ಲ. ಕಿಡಿಗೂ ನಗು ಬರಲಿಲ್ಲ.

ಒಂದು ದಿನ ಬೆಳಿಗ್ಗೆ ಅಪ್ಪ ತಾವಾಗಿಯೇ ಅಂಗಡಿಗೆ ಬಂದರು. ಗಡ್ಡ ತಾವೇ ಬೋಳಿಸಿಕೊಂಡಿದ್ದರು. ಗಲ್ಲದ ಮೇಲೆ ಚಿಕ್ಕ ಗಾಯವಿತ್ತು.

"ಆ ಗಾಡಿನ ಟೆಂಪೋದಲ್ಲಿ ಹಾಕಿಸು. ಮೈದಾನಕ್ಕೆ ಬಾ."

ಮೈದಾನದಲ್ಲಿ ಕಲಿಯುವವರು, ಕಲಿಸುವವರು, ಪರೀಕ್ಷೆಯ ಸಾಹೇಬರು, ಚಹಾದವನು ಎಲ್ಲರೂ ಇದ್ದರು. ಅಪ್ಪ ಬಿದ್ದದ್ದನ್ನು ಕಂಡವರೇ ಹೆಚ್ಚು. ಅಪ್ಪ ಗಾಡಿಯನ್ನು ಬಿಳಿ ಗೆರೆಯ ನಡುವೆ ನಿಲ್ಲಿಸಲು ಹೇಳಿ, ದೂರ ಸರಿದು ಕೈಕಟ್ಟಿ ನಿಂತರು.

"ಹೇಳು" ಎಂದರು.

ಕಿಡಿ ಸುತ್ತ ನೋಡಿದಳು. ಅಲ್ಲಿದ್ದವರಲ್ಲಿ ಅವಳ ಗಿರಾಕಿಗಳಿದ್ದರು. ಅಂಥದ್ದೇ ಗಾಡಿ ಬೇಕೆಂದು ಕೇಳಿಹೋದವರೂ ಇದ್ದರು. ಅವಳು ಹ್ಯಾಂಡಲ್ ಹಿಡಿದು, ಕತ್ತು ಒರಗಿಸಿದರೆ ಏನಾಗುತ್ತದೆ ಎಂದು ತೋರಿಸಿದಳು. ಎರಡು ಬದಿಗೂ ಬೀಳಿಸಿ ತೋರಿಸಿದಳು. "ಮೇಷ್ಟ್ರು ಬಿದ್ದದ್ದು ವಯಸ್ಸಿನಿಂದ ಅಲ್ಲ. ಇದನ್ನ ಮಾಡಿದವಳು ನಾನು. ಗೊತ್ತಿದ್ದೂ ಹೇಳದೆ ಕೊಟ್ಟವಳೂ ನಾನೇ" ಎಂದಳು. ಹಿಂದೆ ಯಾರೋ, "ಸ್ವಂತ ಅಪ್ಪಂಗೇ?" ಎಂದದ್ದು ಕೇಳಿಸಿತು. ಆ ಮಾತು ಆಮೇಲೆ ಎಷ್ಟೋ ದಿನ ಅವಳ ಕಿವಿಯಲ್ಲಿ ಉಳಿಯಿತು. ಗಾಡಿ ಬದಲಿಸಿಕೊಳ್ಳಲು ಬರುವವರು ಕಡಿಮೆಯಾದರು. ಗೇಟು, ಕಿಟಕಿಗಳ ಕೆಲಸ ಉಳಿಯಿತು.

ಅಪ್ಪ ಒಬ್ಬ ಕಲಿಯುವವಳಿಂದ ಸಾಧಾರಣ ಗಾಡಿಯೊಂದನ್ನು ಕೇಳಿ ಪಡೆದು, ಅದರ ಮುಂಚಕ್ರವನ್ನು ಮೊಣಕಾಲ ನಡುವೆ ಸಿಕ್ಕಿಸಿ ಹ್ಯಾಂಡಲ್ ಅಲುಗಿಸಿ ನೋಡಿ, ಕಷ್ಟಪಟ್ಟು ಕಾಲೆತ್ತಿ ಹತ್ತಿದರು. ಮೊದಲ ಸುತ್ತಿನಲ್ಲಿ ಒಂದು ಕಡೆ ಕಾಲೂರಿದರು. ಎರಡನೆಯದರಲ್ಲಿ ಊರಲಿಲ್ಲ. "ಪಾಸಾ ಸಾಹೇಬ್ರೇ?" ಎಂದು ಕೂಗಿ ಕೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಕಿಡಿ ತಟ್ಟಲಿಲ್ಲ. ತಟ್ಟುವ ಹಕ್ಕು ತನಗಿಲ್ಲ ಎನಿಸಿತು.

ಟೆಂಪೋದಲ್ಲಿ ಮರಳುವಾಗ ಅಪ್ಪ ಅವಳ ಪಕ್ಕ ಕೂತರು.

"ಕ್ಷಮಿಸಿದ್ದೀನಿ ಅಂತ ಬಾಯಿಮಾತಿಗೆ ಹೇಳೋಕೆ ಆಗಲ್ಲ ನಂಗೆ. ಇನ್ನೂ ಸಿಟ್ಟಿದೆ" ಎಂದರು.

"ಇರಲಿ ಅಪ್ಪ."

"ಮಗು ಎದುರಿಗೆ ಬಂದಾಗ ಕೈ ಹಿಂದೆ ತಗೊಂಡ್ನಲ್ಲ, ಅದು ನೆನಪಾದ್ರೆ ನಿನ್ನ ಮುಖ ನೋಡೋಕೆ ಆಗಲ್ಲ."

"ನಂಗೂ ಅದೇ ನೆನಪಾಗೋದು."

ಅಪ್ಪ ಹಿಂದೆ ಕಟ್ಟಿಟ್ಟ ಗಾಡಿಯತ್ತ ಒಮ್ಮೆ ತಿರುಗಿ ನೋಡಿದರು. "ನಾಳೆಯಿಂದ ಬೇರೆ ಫ್ರೇಮು ಹುಡುಕು. ಸೀಟು ತಗ್ಗಿಸು. ಈ ಸಲ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂರ್ತೀನಿ ನಾನು."

ಹಾಗೆಯೇ ಕೂತರು. ಅವಳು ಪ್ರತಿ ತಿರುಪು ಬಿಗಿಮಾಡಿದ ಮೇಲೂ ಎದ್ದು ಬಂದು ತಾವೊಮ್ಮೆ ಪಾನಾ ಹಾಕಿ ನೋಡುತ್ತಿದ್ದರು. ಮೊದಲಾಗಿದ್ದರೆ ಕಿಡಿಗೆ ಮೈ ಉರಿಯುತ್ತಿತ್ತು. ಈಗ ಪಾನಾ ಒರೆಸಿ ತಾನೇ ಅವರ ಕೈಗೆ ಕೊಡುತ್ತಿದ್ದಳು. ಆ ಹಳೆಯ ಫ್ರೇಮನ್ನು ತುಂಡು ತುಂಡು ಕತ್ತರಿಸಿ ಗುಜರಿಗೆ ಹಾಕಿದರು.

ಅಪ್ಪ ಈಗ ಮತ್ತೆ ಮೈದಾನಕ್ಕೆ ಹೋಗುತ್ತಾರೆ, ಮತ್ತೆ ಎಲ್ಲರನ್ನೂ ಬೈಯುತ್ತಾರೆ. ಮಗಳ ಜೊತೆ ಮಾತು ಮೊದಲಿನಷ್ಟಿಲ್ಲ, ಆದರೆ ಉಪ್ಪನ್ನು ನೇರವಾಗಿಯೇ ಕೇಳುತ್ತಾರೆ. ಮೈದಾನದಿಂದ ಮರಳುವ ದಾರಿ ಅವಳ ಅಂಗಡಿಯ ಮುಂದೆಯೇ. ಬರುವುದು ಸ್ವಲ್ಪ ತಡವಾದರೂ ಕಿಡಿ ಕೆಲಸ ನಿಲ್ಲಿಸಿ, ಮುಖದ ಗಾಜನ್ನು ಮೇಲೆತ್ತಿ, ಬಾಗಿಲಿಗೆ ಬರುತ್ತಾಳೆ. ಅಪ್ಪ ಹಾರ್ನ್ ಹೊಡೆದು ಹೋಗುತ್ತಾರೆ. ಗಾಡಿ ಬೀದಿಯ ತಿರುವಿನಲ್ಲಿ ಬಾಗಿ, ಮತ್ತೆ ನೇರವಾಗಿ, ಕಾಣದಾಗುವವರೆಗೂ ಅವಳು ಒಳಗೆ ಹೋಗುವುದಿಲ್ಲ.